ಕೈಲ್‌ಪೊಳ್ದ್ ಸ್ಪರ್ಧೆಗೆ ಮಗಳನ್ನು ತಯಾರು ಮಾಡಲು ತಂದ ಪಾಯಿಂಟ್ 177 ಏರ್ ರೈಫಲ್: ಬಳಸಿ ನೋಡಿದ ಮೇಲೆ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಮಗುವಿಗೆ ಹನ್ನೆರಡು ಹದಿಮೂರು ವರ್ಷ ಆಗಿದೆ, ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮೊದಲ ಸಲ ಗುರಿ ಹೊಡೆಯಲು ನಿಲ್ಲಬೇಕು ಅಂತ ಆಸೆ ಇದೆ, ಪಕ್ಕದಲ್ಲಿ ನಿಂತು ಹೇಳಿಕೊಡಲು ಮನೆಯಲ್ಲಿ ದೊಡ್ಡವರೊಬ್ಬರು ಇದ್ದಾರೆ ಅಂದ್ರೆ ಧೈರ್ಯವಾಗಿ ತಗೊಳ್ಳಿ. ಮೂರನೆಯದು ಇಲ್ಲದಿದ್ದರೆ ಬೇಡ. ಐದಕ್ಕೆ ಮೂರೂವರೆ ಕೊಡುತ್ತೇನೆ.

ನಾನು ಹೇಳುತ್ತಿರುವುದು ನಳಿಗೆಯನ್ನು ಬಗ್ಗಿಸಿ ಸ್ಪ್ರಿಂಗ್ ಎಳೆಯುವ ದೇಶಿ ಏರ್ ರೈಫಲ್ ಬಗ್ಗೆ. ಕಂಪನಿ ಹೆಸರು ಬರೆಯುವುದಿಲ್ಲ. ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಸಿಗುವ ಗನ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ, ಇದರ ಗುಣದೋಷ ಅದಕ್ಕೂ ಇರುತ್ತದೆ.

ಲೈಸೆನ್ಸ್ ವಿಷಯ ಎಲ್ಲರೂ ಕೇಳುತ್ತಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಬಂದೂಕು ಲೈಸೆನ್ಸ್‌ನಿಂದ ಇರುವ ವಿನಾಯಿತಿಗೂ ಇದಕ್ಕೂ ಸಂಬಂಧ ಇಲ್ಲ. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, ಅದು ಮನೆಯ ಕೋವಿಗೆ. ಏರ್‌ಗನ್‌ನ ಲೆಕ್ಕವೇ ಬೇರೆ. ಬೋರ್, ಅಂದರೆ ನಳಿಗೆಯ ಒಳ ಅಗಲ, ಪಾಯಿಂಟ್ 177 ಇಂಚು (ನಾಲ್ಕೂವರೆ ಮಿಲಿಮೀಟರ್) ದಾಟಬಾರದು, ಶಕ್ತಿ 20 ಜೂಲ್ ಮೀರಬಾರದು. ಅಷ್ಟರೊಳಗಿದ್ದರೆ ಯಾವ ಜಾತಿಯವರಾದರೂ ಗುರುತಿನ ಚೀಟಿ ತೋರಿಸಿ ತರಬಹುದು. ಪಾಯಿಂಟ್ 22 ಏರ್‌ಗನ್ ಬೇಕು ಅಂತ ಹೊರಟರೆ ಲೈಸೆನ್ಸ್ ಕಥೆ ಶುರು. ಬಿಲ್ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಕುಶಾಲನಗರ ಕಡೆ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆಸಿದರೆ ಬೇಕಾಗುತ್ತದೆ.

ಈಗ ಗನ್ನಿಗೆ ಬರೋಣ. ತೂಕ ಮೂರು ಕೆಜಿಗಿಂತ ಸ್ವಲ್ಪ ಹೆಚ್ಚು. ಹಿಡಿ, ಅಂದರೆ ಭುಜಕ್ಕೆ ಒರಗಿಸುವ ಹಿಂಭಾಗ, ದೊಡ್ಡವರ ಅಳತೆಯದ್ದು, ಮಕ್ಕಳಿಗೆ ಉದ್ದ ಜಾಸ್ತಿ. ಭುಜಕ್ಕೆ ಇಟ್ಟರೆ ಮಗಳ ಕೆನ್ನೆ ಸರಿಯಾದ ಜಾಗಕ್ಕೆ ಬರುವುದಿಲ್ಲ, ಕತ್ತು ಮುಂದಕ್ಕೆ ಚಾಚಬೇಕು, ಚಾಚಿದರೆ ಸೊಂಟ ಹಿಂದಕ್ಕೆ ಬಾಗುತ್ತದೆ, ಅಲ್ಲಿಗೆ ನಿಲುವೇ ಕೆಟ್ಟಿತು. ಆಚಾರಿಯನ್ನು ಕರೆದು ಹಿಂದಿನ ರಬ್ಬರ್ ತೆಗೆಸಿ, ಮರ ಒಂದಿಷ್ಟು ಕುಯ್ಯಿಸಿ, ಮತ್ತೆ ರಬ್ಬರ್ ಕೂರಿಸಿದೆವು. ಆಮೇಲೆ ಸರಿಹೋಯಿತು. ಪ್ಲಾಸ್ಟಿಕ್ ಹಿಡಿಯ ಗನ್‌ನಲ್ಲಿ ಇದು ಆಗುವುದಿಲ್ಲ, ಹಾಗಾಗಿ ಮಕ್ಕಳಿಗೆ ತರುವುದಾದರೆ ಮರದ್ದೇ ತನ್ನಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ ಅನ್ನುವುದು ನಿಜ, ಆ ಮಾತು ಆಮೇಲೆ.

ನಳಿಗೆ ಬಗ್ಗಿಸಲು ಬಲ ಬೇಕು. ಮಗಳಿಗೆ ಮೊದಮೊದಲು ಆಗುತ್ತಲೇ ಇರಲಿಲ್ಲ. ಈಗ ಹಿಡಿಯನ್ನು ತೊಡೆಗೆ ಒತ್ತಿಟ್ಟುಕೊಂಡು, ನಳಿಗೆಯ ತುದಿಯನ್ನು ಕೈಯಲ್ಲಿ ಹಿಡಿದು, ತುಟಿ ಕಚ್ಚಿಕೊಂಡು ಒಂದೇ ಎಳೆತಕ್ಕೆ ಕಟಕ್ ಅನ್ನುವವರೆಗೆ ಎಳೆಯುತ್ತಾಳೆ. ಇಲ್ಲಿ ಒಂದು ವಿಷಯ ದಯವಿಟ್ಟು ಮರೆಯಬೇಡಿ: ಪೆಲೆಟ್ (ಸೀಸದ ಪುಟ್ಟ ಗುಂಡು) ತುಂಬುವಾಗ ಒಂದು ಕೈ ನಳಿಗೆಯನ್ನು ಬಿಡಲೇಬಾರದು. ಹಿಡಿತ ಇಲ್ಲದಾಗ ಟ್ರಿಗರ್ ಜಾರಿದರೆ ನಳಿಗೆ ಪಟ್ಟನೆ ಮೇಲೆ ಬಂದು ಬೆರಳನ್ನು ಜಜ್ಜಿ ಹಾಕುತ್ತದೆ. ಜೊತೆಗೆ ಕೊಟ್ಟ ಕಾಗದದಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿ ಹಾಕಿದ್ದಾರೆ. ದೊಡ್ಡದಾಗಿ ಮೊದಲ ಪುಟದಲ್ಲೇ ಹಾಕಬೇಕಿತ್ತು.

ಹೊಸ ಗನ್ ಮೊದಲ ಕೆಲವು ಗುಂಡಿಗೆ ಹೊಗೆ ಬಿಡುತ್ತದೆ, ಶಬ್ದವೂ ಜೋರು. ಒಳಗಿನ ಎಣ್ಣೆ ಉರಿಯುವುದರಿಂದ ಹಾಗೆ, ತಾನಾಗಿ ನಿಲ್ಲುತ್ತದೆ, ಹೆದರಿ ವಾಪಸ್ ಕೊಡಬೇಡಿ. ಅಲ್ಲಿಯವರೆಗೆ ಗುರಿ ನೋಡುವುದೂ ದಂಡ.

ನಮ್ಮ ಮಾವನವರದ್ದು ಹಳೆಯ ಕಾಲದ ಪಾಠ. ಅವರು ಹುಡುಗರಾಗಿದ್ದಾಗ ಬೇಟೆ ಇನ್ನೂ ಇತ್ತು. 1972ರ ವನ್ಯಜೀವಿ ಕಾಯ್ದೆ ಬರುವ ಮೊದಲಿನ ಮಾತು. ನಾಟಿ ಕೆಲಸ ಮುಗಿಯುವವರೆಗೆ ಕೋವಿ ಕನ್ನಿಕೊಂಬರೆಯಲ್ಲಿ (ಪೂಜೆಯ ಕೋಣೆ), ಕೈಲ್‌ಪೊಳ್ದ್ ದಿನ ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿ ಹೊರಗೆ ತೆಗೆಯುವುದು, ಆಮೇಲೆ ಊರಿನವರೆಲ್ಲ ಸೇರಿ ಕಾಡಿಗೆ. ಹುಡುಗರಿಗೆ ಮೊದಲ ವರ್ಷ ಕೋವಿ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಬುತ್ತಿ ಹೊರು, ನಾಯಿ ಹಿಡಿ, ಹೇಳಿದ ಮರದ ಹಿಂದೆ ಹೇಳುವವರೆಗೆ ನಿಂತಿರು, ಕೆಮ್ಮಬೇಡ. ಮೊಮ್ಮಗಳಿಗೂ ಅದೇ ಕ್ರಮ ಅಂತ ಪಟ್ಟು ಹಿಡಿದರು. ಗುಂಡು ಹಾಕದೆ ಸುಮ್ನೆ ಟ್ರಿಗರ್ ಒತ್ತಿ ಒತ್ತಿ ಅಭ್ಯಾಸ ಮಾಡಲಿ, ಪೆಲೆಟ್ ಆಮೇಲೆ ಅಂದರು. ತೊಂದರೆ ಏನಂದ್ರೆ ಈ ಗನ್ನಿಗೆ ಅದು ಆಗಿಬರುವುದಿಲ್ಲ. ಪೆಲೆಟ್ ಇಲ್ಲದೆ ಹೊಡೆದರೆ ಮುಂದೆ ಗಾಳಿ ತಡೆಯುವುದು ಏನೂ ಇರುವುದಿಲ್ಲ, ಪಿಸ್ಟನ್ ನೇರ ಹೋಗಿ ಕಬ್ಬಿಣಕ್ಕೆ ಗುದ್ದುತ್ತದೆ, ಸ್ಪ್ರಿಂಗ್ ಸೀಲ್ ಎರಡೂ ಹಾಳು. ಕೊನೆಗೆ ಸ್ಪ್ರಿಂಗ್ ಎಳೆಯದೆ ಬರೀ ಎತ್ತುವುದು, ನಿಲ್ಲುವುದು, ಗುರಿ ಹಿಡಿಯುವುದು, ಇಳಿಸುವುದು ಅಂತ ರಾಜಿ ಆಯಿತು. ಅದೂ ಒಳ್ಳೆಯದೇ ಆಯಿತು ಅನ್ನಿ, ತೋಳಿಗೆ ಬಲ ಬಂತು.

"ಕುಂಞಿ, ನಳಿಗೆ ಈಗ ಎಲ್ಲಿ ನೋಡ್ತಾ ಇದೆ?"

"ಮಣ್ಣಿನ ಬರೆ ಕಡೆ, ಅಜ್ಜ."

"ನಿನ್ನ ಕಣ್ಣು?"

"ನಿಮ್ಮ ಕಡೆ."

"ಇಳಿಸು. ಮೊದಲಿಂದ ಮಾಡು."

ದಿನಾ ಇದೇ. ಗನ್ ಖಾಲಿ ಅಂತ ಗೊತ್ತಿದ್ದರೂ ಮನುಷ್ಯರ ಕಡೆ, ನಾಯಿ ಕಡೆ, ಕಿಟಕಿ ಕಡೆ ತಿರುಗಿಸಿದರೆ ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ಏರ್‌ಗನ್ ತಾನೇ ಅಂತ ಸಸಾರ ಮಾಡುವವರಿಗೆ ಹೇಳುತ್ತೇನೆ, ಇದು ಕಣ್ಣು ತೆಗೆಯುತ್ತದೆ.

ಗುರಿಯ ವಿಷಯದಲ್ಲಿ ಈ ಗನ್ ಕಷ್ಟದ ಗುರು. ಸ್ಪ್ರಿಂಗ್ ಗನ್ ಎರಡು ಸಲ ಒದೆಯುತ್ತದೆ, ಮೊದಲು ಹಿಂದಕ್ಕೆ, ಪಿಸ್ಟನ್ ಕೊನೆ ಮುಟ್ಟಿದಾಗ ಮುಂದಕ್ಕೆ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಅಲುಗಾಟ ಶುರುವಾಗಿರುತ್ತದೆ. ಗಟ್ಟಿಯಾಗಿ ಅಪ್ಪಿ ಹಿಡಿದರೆ ಒಂದು ಕಡೆ, ಸಡಿಲ ಬಿಟ್ಟರೆ ಇನ್ನೊಂದು ಕಡೆ. ಮೇಜಿನ ಮೇಲೋ ಕಲ್ಲಿನ ಮೇಲೋ ಇಟ್ಟು ಹೊಡೆದರೆ ಗುಂಡು ಮೇಲೆ ಹಾರುತ್ತದೆ. ಮುಂದಿನ ಅಂಗೈ ಬಿಡಿಸಿ ಅದರ ಮೇಲೆ ಗನ್ನನ್ನು ಸುಮ್ನೆ ಕೂರಿಸಬೇಕು, ಬೆರಳು ಸುತ್ತಿಕೊಳ್ಳಬಾರದು, ಅದು ಎಷ್ಟು ಬೇಕಾದರೂ ಕುಣಿಯಲಿ ಅಂತ ಬಿಡಬೇಕು. ಇದು ಮಕ್ಕಳಿಗೆ ಬೇಗ ಬರುತ್ತದೆ. 12 ಬೋರ್ ಕೋವಿ ಹಿಡಿದು ಪಳಗಿದ ನನ್ನ ಯಜಮಾನರಿಗೆ ಇವತ್ತಿಗೂ ಬಂದಿಲ್ಲ, ಗನ್ನೇ ಸರಿ ಇಲ್ಲ ಅಂತಾರೆ.

ಟ್ರಿಗರ್ ಬಿಗಿ, ಎಳೆತವೂ ಉದ್ದ. ಎಲ್ಲಿ ಬಿಡುತ್ತದೆ ಅಂತ ತಿಳಿಯುವುದಿಲ್ಲ. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೆ, ಒಂದು ಸ್ಟಾರ್ ಹಿಡಿ ಅಳತೆಗೆ.

ದುರ್ಬೀನು ಬೇಡ. ಅಂಗಡಿಯವರು ಗನ್ ಜೊತೆ ಸ್ಕೋಪ್ ಮಾರಲು ನೋಡಿಯೇ ನೋಡುತ್ತಾರೆ, ನಮಗೂ ಇನ್ನೊಂದು ನಾಲ್ಕು ಸಾವಿರದ್ದನ್ನು ತಗುಲಿಸಲು ನೋಡಿದರು. ಬೇಡ ಅಂದಾಗ ಮುಖ ಸಪ್ಪೆ ಮಾಡಿಕೊಂಡರೇ ಹೊರತು, ಸ್ಪ್ರಿಂಗ್ ಗನ್ನಿನ ಎರಡು ಕಡೆಯ ಒದೆತಕ್ಕೆ ಸಾಮಾನ್ಯ ಸ್ಕೋಪ್ ಒಳಗೇ ಸಡಿಲವಾಗುತ್ತದೆ ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ. ಮೇಲಾಗಿ ಮಗು ಕಲಿಯಬೇಕಾದ್ದೇ ಹಿಂದಿನ ಸೀಳು, ಮುಂದಿನ ಮೊನೆ, ಗುರಿ ಮೂರನ್ನೂ ಒಂದು ಸಾಲಿಗೆ ತರುವುದು, ತಂದ ಮೇಲೆ ಮೊನೆಯನ್ನು ಮಾತ್ರ ಸ್ಪಷ್ಟ ನೋಡಿ ಗುರಿಯನ್ನು ಮಸುಕಾಗಲು ಬಿಡುವುದು. ಸ್ಕೋಪ್ ಹಾಕಿದರೆ ಆ ಪಾಠವೇ ಇಲ್ಲ.

ಪೆಲೆಟ್‌ನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಕಾಗದಕ್ಕೆ ಹೊಡೆಯಲು ಚಪ್ಪಟೆ ತಲೆಯದ್ದು ತನ್ನಿ, ತೂತು ಪಂಚ್ ಮಾಡಿದ ಹಾಗೆ ದುಂಡಗೆ ಬೀಳುತ್ತದೆ, ಎಲ್ಲಿ ಬಿತ್ತು ಅಂತ ಜಗಳ ಇಲ್ಲ. ಚೂಪು ತಲೆಯದ್ದನ್ನು ಹುಡುಗರು ಇಷ್ಟಪಡುತ್ತಾರೆ, ನೋಡಲು ಚೆಂದ, ಗುರಿಗೆ ಪ್ರಯೋಜನ ಇಲ್ಲ. ಹೊಡೆದ ಪೆಲೆಟ್ ಆರಿಸಿ ಮತ್ತೆ ಹಾಕುವುದು, ಸೈಕಲ್ ಬಾಲ್ ಹಾಕುವುದು ಇವೆಲ್ಲ ನಳಿಗೆಯ ಒಳಗಿನ ಸುರುಳಿ ಗೀರನ್ನು ಹಾಳು ಮಾಡುತ್ತವೆ. ಇನ್ನೊಂದು, ಅದು ಸೀಸ. ಮುಗಿದ ಮೇಲೆ ಕೈ ತೊಳೆಯದೆ ಕಡಂಬುಟ್ಟುಗೆ (ಅಕ್ಕಿಯ ಉಂಡೆ ಕಡುಬು) ಕೈ ಹಾಕಲು ಬಿಡಬೇಡಿ. ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಎಷ್ಟೋ ಹುಡುಗರಿಗಿದೆ, ಅದಂತೂ ಬೇಡವೇ ಬೇಡ.

ಅಭ್ಯಾಸಕ್ಕೆ ನಮ್ಮ ಕಾಫಿ ಕಣ ಸಾಕು. ಹತ್ತು ಮೀಟರ್ ಅಳೆದು ಗೆರೆ ಹಾಕಿ, ಆ ಕಡೆ ಬರೆಗೆ ಒರಗಿಸಿ ಮರಳು ತುಂಬಿದ ಗೋಣಿ, ಅದರ ಮುಂದೆ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆ ತುಂಬ ಹಳೆ ಪೇಪರ್. ಸಿಲ್ವರ್ ಮರಕ್ಕೋ ಗೋಡೆಗೋ ನೇರ ಹೊಡೆಯಬೇಡಿ, ಪೆಲೆಟ್ ಪುಟಿದು ವಾಪಸ್ ಬರುತ್ತದೆ. ಒಲಿಂಪಿಕ್ಸ್‌ನ ಹತ್ತು ಮೀಟರ್ ಟಾರ್ಗೆಟ್ ಇದೆಯಲ್ಲ, ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಸ್ಪರ್ಧೆಯದ್ದು, ಅದರ ಹೊರಗಿನ ಉಂಗುರದ ಅಗಲ 45.5 ಮಿಲಿಮೀಟರ್. ನಡುವಿನ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್, ಅದು ನಮಗೆ ಬೇಡ. ಆದರೆ ಕೋಳಿಮೊಟ್ಟೆಯ ಅಗಲ ಕೂಡ ಹೆಚ್ಚುಕಮ್ಮಿ ಆ ಹೊರ ಉಂಗುರದಷ್ಟೇ. ಇಲ್ಲಿನ ಸ್ಪರ್ಧೆಗಳಲ್ಲಿ ತೆಂಗಿನಕಾಯಿ ಕೋವಿಯವರಿಗೆ, ಏರ್‌ಗನ್‌ನವರಿಗೆ ಮೊಟ್ಟೆ ಇಡುತ್ತಾರೆ ಅಲ್ವಾ. ಅಂದಮೇಲೆ ಹತ್ತು ಮೀಟರ್‌ನಲ್ಲಿ ಆ ಟಾರ್ಗೆಟ್‌ನ ಯಾವ ಉಂಗುರಕ್ಕೆ ತಾಗಿದರೂ ಮೊಟ್ಟೆ ಒಡೆದಂತೆಯೇ. ಇದನ್ನು ಹೇಳಿದ ಮೇಲೆ ಮಗಳ ಮುಖದಲ್ಲಿದ್ದ ಹೆದರಿಕೆ ಅರ್ಧ ಹೋಯಿತು. ಟಾರ್ಗೆಟ್ ಕಾಗದದ ಕಟ್ಟು ಅಗ್ಗ, ಮೊಟ್ಟೆ ದಂಡ ಮಾಡಬೇಕಾಗಿಲ್ಲ.

ಈಗ ಮಳೆ. ಕೊಡಗಿನಲ್ಲಿ ಈ ಗನ್ನಿಗೆ ದೊಡ್ಡ ಶತ್ರು ಅದೇ, ಅದರಲ್ಲೂ ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ 3ಕ್ಕೆ, ಅಂದ್ರೆ ಅಭ್ಯಾಸ ಪೂರ್ತಿ ಜೂನ್, ಜುಲೈ, ಆಗಸ್ಟ್‌ನಲ್ಲೇ. ಮಡಿಕೇರಿ ಕಡೆ ಕೆಲವು ನಾಡುಗಳಲ್ಲಿ ಇನ್ನೂ ಬೇಗ. ಕಣದಲ್ಲಿ ನಿಲ್ಲಲು ಆಗದ ದಿನ ಗೋಡೌನ್ ಒಳಗೆ ಉದ್ದಕ್ಕೆ ಹೊಡೆದೆವು, ಬಾಗಿಲಿಗೆ ಒಳಗಿಂದ ಚಿಲಕ ಹಾಕಿ, ಕೆಲಸದವರಿಗೆ ಮೊದಲೇ ಹೇಳಿ. ನಳಿಗೆಯ ಕಪ್ಪು ಬಣ್ಣ ತೆಳು, ಬೆವರು ಕೈ ತಾಗಿದ ಜಾಗದಲ್ಲಿ ಮಾರನೇ ದಿನವೇ ಕೆಂಪು ಚುಕ್ಕಿ ಕಾಣುತ್ತದೆ. ಪ್ರತಿ ಸಲ ಹೊಡೆದಾದ ಮೇಲೆ ಹೊರಮೈಗೆ ತೆಳ್ಳಗೆ ಎಣ್ಣೆ ಒರೆಸಬೇಕು, ಒಳಗೆ ಪಿಸ್ಟನ್ ಕಡೆಗೆ ಒಂದು ಹನಿಯೂ ಬಿಡಬಾರದು, ಬಿಟ್ಟರೆ ಮತ್ತೆ ಹೊಗೆ, ಸೀಲ್‌ಗೆ ಪೆಟ್ಟು. ಜೊತೆಗೆ ಕೊಟ್ಟ ರೆಕ್ಸಿನ್ ಚೀಲದಲ್ಲಿ ಇಡಲೇಬೇಡಿ. ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ, ಆ ಚೀಲವನ್ನು ನಾವು ಛತ್ರಿ ಇಡಲು ಬಳಸುತ್ತಿದ್ದೇವೆ. ನಳಿಗೆ ಬಗ್ಗಿಸಿ ಹಾಗೇ ಇಟ್ಟು ಕಾಫಿ ಕುಡಿಯಲು ಹೋಗುವುದೂ ತಪ್ಪು, ಸ್ಪ್ರಿಂಗ್ ಸೋಲುತ್ತದೆ.

ಗದ್ದೆಗೆ ಬರುವ ಹಂದಿ ಓಡಿಸಲು ಆಗುತ್ತದಾ ಅಂತ ಪಕ್ಕದ ತೋಟದವರು ಕೇಳಿದರು. ಆಗುವುದಿಲ್ಲ. ಹಂದಿಗೆ ಹೊಡೆದರೆ ಅದು ಸಾಯುವುದಿಲ್ಲ, ಗಾಯ ಮಾಡಿಕೊಂಡು ಇನ್ನಷ್ಟು ರೇಗುತ್ತದೆ, ಹೊಡೆದವರ ಮೇಲೆ ಅರಣ್ಯ ಇಲಾಖೆಯ ಕೇಸು ಬೇರೆ. ಹಕ್ಕಿಗೂ ಅಷ್ಟೇ. ಆಲದ ಹಣ್ಣಿಗೆ ಬರುವ ಹಸಿರು ಪಾರಿವಾಳಕ್ಕೆ ಹುಡುಗರು ಗುರಿ ಇಡುವುದು ಎಲ್ಲ ಊರಲ್ಲೂ ಇದೆ, ಗನ್ ಕೈಗೆ ಕೊಡುವ ಮೊದಲೇ ಅದಕ್ಕೆ ಬೇಲಿ ಹಾಕಬೇಕಾದ್ದು ಅಪ್ಪ ಅಮ್ಮ. ಮಾವನವರೇ, ಅಷ್ಟು ಬೇಟೆ ಕಥೆ ಹೇಳುವವರೇ, ಈ ವಿಷಯದಲ್ಲಿ ಎಲ್ಲರಿಗಿಂತ ಬಿಗಿ.

ಒಂದು ಮಾತು ನಡುವೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಬಾಣ ಮಾಡಿ ಕೈಗೆ ಮುಟ್ಟಿಸಿ, ಆಕಾಶಕ್ಕೆ ಒಂದು ಗುಂಡು ಹಾರಿಸುವ ಪದ್ಧತಿ. ಮಗಳು ಹುಟ್ಟಿದಾಗ ಯಾರೂ ಹಾರಿಸಲಿಲ್ಲ, ನನಗೆ ಅದು ಮನಸ್ಸಿನಲ್ಲಿತ್ತು. ಗನ್ ತರಲು ಹಠ ಹಿಡಿದದ್ದು ನಾನೇ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಸ್ಪರ್ಧೆಯ ದಿನ ಏನಾಯಿತು ಅಂತ ಹೇಳದಿದ್ದರೆ ರಿವ್ಯೂ ಪೂರ್ತಿ ಆಗುವುದಿಲ್ಲ. ಮೊಟ್ಟೆ ಒಡೆಯಿತು, ಬಹುಮಾನ ಬರಲಿಲ್ಲ. ಅಲ್ಲಿ ಹೊಡೆಯಬೇಕಾದ್ದು ಸಂಘಟಕರ ಗನ್‌ನಲ್ಲಿ, ಅದರ ಟ್ರಿಗರ್ ಬೆಣ್ಣೆ, ನಮ್ಮ ಬಿಗಿ ಟ್ರಿಗರ್‌ಗೆ ಒಗ್ಗಿದ ಬೆರಳು ಮುಟ್ಟುತ್ತಿದ್ದಂತೆಯೇ ಹಾರಿತು. ಆದರೆ ನಿಲುವು, ಉಸಿರು, ಹೊಡೆದ ಮೇಲೂ ಒಂದು ಕ್ಷಣ ತಲೆ ಎತ್ತದೆ ನಿಲ್ಲುವುದು, ನಳಿಗೆ ನೆಲಕ್ಕೆ ಇಳಿಸಿಯೇ ತಿರುಗುವುದು, ಇವೆಲ್ಲ ಅಭ್ಯಾಸ ಆಗಿತ್ತು. ಪಕ್ಕದಲ್ಲಿ 12 ಬೋರ್ ಸಿಡಿದಾಗ ಮಾತ್ರ ಬೆಚ್ಚಿ ಬಿದ್ದಳು. ಆ ಶಬ್ದಕ್ಕೆ ಏರ್‌ಗನ್ ತಯಾರು ಮಾಡುವುದಿಲ್ಲ. ಕಿವಿಗೆ ಹಾಕುವ ಮಫ್ ಒಂದು ತಗೊಳ್ಳಿ, ಮುಂಚೆಯೇ ಒಂದೆರಡು ಸ್ಪರ್ಧೆಗೆ ಕರೆದುಕೊಂಡು ಹೋಗಿ ಸುಮ್ನೆ ನಿಲ್ಲಿಸಿ.

ಕೊಳ್ಳುವ ಮೊದಲು ಅಂಗಡಿಯಲ್ಲಿ ಸ್ಪ್ರಿಂಗ್ ಮತ್ತು ಸೀಲ್ ಬಿಡಿಯಾಗಿ ಸಿಗುತ್ತದಾ, ಹಾಕಿಕೊಡುವವರು ಯಾರು ಅಂತ ಕೇಳಿ. ನಮ್ಮ ಅಂಗಡಿಯವರು ಸಿಗುತ್ತೆ ಸಿಗುತ್ತೆ ಅಂದವರು ಬೇಕಾದಾಗ ಮೈಸೂರಿಗೆ ಕೈ ತೋರಿಸಿದರು. ಪೆಲೆಟ್ ಡಬ್ಬಿಗಳನ್ನು ಜುಲೈಯಲ್ಲೇ ತಂದಿಟ್ಟುಕೊಳ್ಳಿ, ಆಗಸ್ಟ್ ಕೊನೆಗೆ ಹೋದರೆ ಚೂಪು ತಲೆಯದ್ದು ಮಾತ್ರ ಉಳಿದಿರುತ್ತದೆ.