ವೀಸಾ ಗ್ಯಾರಂಟಿ ಅನ್ನುವ ಏಜೆಂಟ್ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ

ನನ್ನ ಹುಡುಗಿ ವಿಯೆಟ್ನಾಮಿನವಳು. ಮೆಕಾಂಗ್ ನದಿಯ ಕಡೆ, ಕಾನ್ ಥೋ ಅವಳ ಊರು. ನಾನು ಜರ್ಮನಿಯಲ್ಲಿ ಕೆಲಸದಲ್ಲಿದ್ದೇನೆ. ಮೂರು ವರ್ಷದಲ್ಲಿ ನಾಲ್ಕು ಸಲ ನಾನೇ ಅಲ್ಲಿಗೆ ಹೋಗಿ ಬಂದೆ. ನಮ್ಮ ಭಾರತದ ಪಾಸ್‌ಪೋರ್ಟಿಗೆ ಅಲ್ಲಿನ ಇ-ವೀಸಾ ಸಿಗುತ್ತದೆ. 25 ಡಾಲರ್ ಕಟ್ಟಿ ಮನೆಯಲ್ಲೇ ಕೂತು ಅರ್ಜಿ ಹಾಕಿದರೆ 90 ದಿನದವರೆಗೆ ಇರಬಹುದು. ಅವಳು ಇಲ್ಲಿಗೆ ಬರುವುದೂ ಹೀಗೇ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೇ ಅವಳ ಅರ್ಜಿಯನ್ನು ನಾನು ಕೂತು ನೋಡಲೇ ಇಲ್ಲ.

ಅವಳು ಸಣ್ಣದೊಂದು ಇಂಗ್ಲಿಷ್ ಕಲಿಕಾ ಕೇಂದ್ರದಲ್ಲಿ ಟೀಚರ್. ಸಂಬಳದಲ್ಲಿ ಸ್ವಲ್ಪ ಬ್ಯಾಂಕಿಗೆ ಬರುತ್ತದೆ, ಸ್ವಲ್ಪ ಕೈಗೆ. ಉಳಿತಾಯ ಕಮ್ಮಿ. ಜರ್ಮನಿ, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಗೆ ಕೇಳುವ ಕಾಗದಗಳ ಪಟ್ಟಿ ನೋಡಿ ಹೆದರಿಬಿಟ್ಟಳು. ಗೆಳತಿಯೊಬ್ಬಳು ಹೋ ಚಿ ಮಿನ್ ಸಿಟಿಯ ಏಜೆಂಟ್ ಒಬ್ಬನ ನಂಬರ್ ಕೊಟ್ಟಳು. ಅಲ್ಲಿ ಫೇಸ್‌ಬುಕ್, ಝಾಲೋ (ವಾಟ್ಸಾಪ್ ಥರದ ಅಲ್ಲಿನ ಆ್ಯಪ್) ತುಂಬಾ ಇಂಥವರೇ. ‘ಬಾವ್ ದೌ’ ಅಂತ ದೊಡ್ಡದಾಗಿ ಹಾಕಿಕೊಂಡಿರುತ್ತಾರೆ. ಪಾಸ್ ಆಗುವುದು ಗ್ಯಾರಂಟಿ ಅಂತ ಅದರ ಅರ್ಥ. ಅವನು ಕೇಳಿದ್ದು ಅಲ್ಲಿನ ದುಡ್ಡಲ್ಲಿ 1.5 ಕೋಟಿ ಡಾಂಗ್. ಅವಳ ಒಂದೂವರೆ ತಿಂಗಳ ಸಂಬಳ. ಅರ್ಧ ಮೊದಲೇ ಕೊಡಬೇಕು, ವೀಸಾ ಬರದಿದ್ದರೆ ದುಡ್ಡು ವಾಪಸ್ ಅಂದ.

ಮೊದಲ ದಿನವೇ ಅವನು ಹೇಳಿದ ಮಾತು ಇದು: ‘ಬಾಯ್‌ಫ್ರೆಂಡ್ ಇದ್ದಾನೆ ಅಂತ ಬರೆಯಲೇಬೇಡ. ಅಲ್ಲೇ ಉಳಿದುಬಿಡುತ್ತೀಯ ಅಂತ ಅನುಮಾನ ಪಡುತ್ತಾರೆ.’ ಅರ್ಜಿಯಲ್ಲಿ ಕರೆಸಿಕೊಳ್ಳುವವರ ಹೆಸರು ಬರೆಯುವ ಜಾಗ ಖಾಲಿ ಬಿಟ್ಟ. ಫ್ರಾಂಕ್‌ಫರ್ಟ್‌ನಲ್ಲಿ ಹೋಟೆಲ್ ಬುಕಿಂಗ್ ತೋರಿಸಿದ. ಟೀಚರ್ ಕೆಲಸ ಸಾಲದು ಅಂತ ಯಾವುದೋ ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್ ಅಂತ ಪತ್ರ ಮಾಡಿಸಿದ. ಅರ್ಜಿ ಹಾಕುವ ಒಂದು ವಾರ ಮುಂಚೆ 20 ಕೋಟಿ ಡಾಂಗ್ ಸಾಲ ತಂದು ಅವಳ ಹೆಸರಿಗೆ ಉಳಿತಾಯ ಖಾತೆ ಮಾಡಿಸಿದ. ಅವಳು ಇದನ್ನೆಲ್ಲ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಫೋನಿನಲ್ಲಿ ‘ಎಲ್ಲಾ ಸರಿ ಇದೆಯಾ?’ ಅಂದೆ, ‘ಸರಿ ಇದೆ’ ಅಂದಳು. ಅಷ್ಟೇ.

ಅರ್ಜಿ ಹಾಕಿ ಹತ್ತು ದಿನಕ್ಕೆ ಜರ್ಮನ್ ಕಾನ್ಸುಲೇಟಿನಿಂದ ಆ ಕಂಪನಿಗೆ ಫೋನ್ ಹೋಯಿತಂತೆ. ಎತ್ತಿದವರಿಗೆ ಅವಳ ಹೆಸರೇ ಗೊತ್ತಿರಲಿಲ್ಲ. ಇನ್ನೊಂದು ಕಡೆ ಅವಳ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು. ಅವಳ ಹುಟ್ಟುಹಬ್ಬಕ್ಕೆ, ಅವಳ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ಕಳಿಸಿದ ದುಡ್ಡು ಅದರಲ್ಲಿ ಸಾಲಾಗಿ, ನನ್ನ ಹೆಸರಿನ ಜೊತೆಗೇ ಕಾಣುತ್ತಿತ್ತು. ಜರ್ಮನಿಯಲ್ಲಿ ಯಾರೂ ಗೊತ್ತಿಲ್ಲ ಅನ್ನುವ ಹುಡುಗಿಗೆ ಜರ್ಮನಿಯಿಂದ ದುಡ್ಡು ಬರುತ್ತಿದೆ. ಓದಿದವರು ಏನು ಅಂದುಕೊಳ್ಳಬೇಕು ಹೇಳಿ?

ನಿರಾಕರಣೆಯ ಕಾಗದದಲ್ಲಿ ಉದ್ದದ ವಿವರಣೆ ಇರಲಿಲ್ಲ. ಅಚ್ಚಾದ ಕಾರಣಗಳ ಮುಂದೆ ಗುರುತು ಹಾಕಿದ್ದರು. ಎರಡಕ್ಕೆ ಗುರುತಿತ್ತು. ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬುವಂತಿಲ್ಲ, ವೀಸಾ ಮುಗಿಯುವ ಮುಂಚೆ ವಾಪಸ್ ಹೋಗುತ್ತಾರೆ ಅನ್ನುವ ಬಗ್ಗೆ ಅನುಮಾನವಿದೆ. ಅವತ್ತು ವಿಡಿಯೋ ಕಾಲ್‌ನಲ್ಲಿ ಅವಳು ಆ ಹಾಳೆಯನ್ನು ಕ್ಯಾಮೆರಾಗೆ ಹಿಡಿದು ಅಳುತ್ತಿದ್ದಳು. ಕೈ ನಡುಗಿ ಅಕ್ಷರ ಕಾಣುತ್ತಿರಲಿಲ್ಲ.

90 ಯೂರೋ ವೀಸಾ ಫೀ ಹೋಯಿತು, ಅದು ವಾಪಸ್ ಬರುವುದಿಲ್ಲ. ಏಜೆಂಟ್ ‘ನಿನ್ನ ಕಡೆಯಿಂದಲೇ ಏನೋ ತಪ್ಪಾಗಿದೆ’ ಅಂದು ಬ್ಲಾಕ್ ಮಾಡಿದ. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಬೇರೆ. ಈ ನಿರಾಕರಣೆ ಷೆಂಗೆನ್ ವೀಸಾ ದಾಖಲೆಯಲ್ಲಿ 5 ವರ್ಷ ಇರುತ್ತದೆ. ಅವಳು ಫ್ರಾನ್ಸಿಗೆ ಅರ್ಜಿ ಹಾಕಿದರೂ ಅವರಿಗೆ ಕಾಣುತ್ತದೆ. ಮೊದಲು ಜರ್ಮನ್ ಕಚೇರಿಗೇ ಆಕ್ಷೇಪಣೆ ಪತ್ರ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದನ್ನೂ ನಿಲ್ಲಿಸಿದ್ದಾರೆ. ಈಗ ಬರ್ಲಿನ್ನಿನ ಕೋರ್ಟಿಗೆ ಹೋಗಬೇಕು, ಇಲ್ಲವೇ ಹೊಸ ಅರ್ಜಿ ಹಾಕಬೇಕು. ಸುಳ್ಳು ಪತ್ರ ಕೊಟ್ಟವರು ಕೋರ್ಟಿಗೆ ಹೋಗಿ ಏನು ಹೇಳುವುದು? ಅರ್ಜಿಯ ಕೊನೆಯಲ್ಲಿ ಸಹಿ ಅವಳದೇ. ಏಜೆಂಟ್ ಹೆಸರು ಎಲ್ಲೂ ಇಲ್ಲ.

ಎರಡನೇ ಅರ್ಜಿಯನ್ನು ಅವಳೇ ತುಂಬಿದಳು. ಮೂರು ರಾತ್ರಿ ವಿಡಿಯೋ ಕಾಲ್‌ನಲ್ಲಿ ಒಂದೊಂದೇ ಸಾಲು ಓದಿದೆವು. ನಾನು ಇಲ್ಲಿನ ವಿದೇಶಿಯರ ಕಚೇರಿ, ಔಸ್‌ಲೆಂಡರ್‌ಬೆಹೋರ್ಡೆಗೆ ಹೋಗಿ, 29 ಯೂರೋ ಕಟ್ಟಿ, ಅವಳ ಖರ್ಚಿಗೆ ನಾನು ಜವಾಬ್ದಾರಿ ಅನ್ನುವ ಪತ್ರ ಮಾಡಿಸಿದೆ. ಈ ಪತ್ರ ಇದ್ದರೆ ವೀಸಾ ಬಂದೇ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಅದು ದುಡ್ಡಿನ ಪ್ರಶ್ನೆಗೆ ಮಾತ್ರ ಉತ್ತರ. ಅವಳು ವಾಪಸ್ ಹೋಗುತ್ತಾಳಾ ಅನ್ನುವುದಕ್ಕೆ ನನ್ನ ಸಂಬಳದ ಚೀಟಿ ಏನೂ ಹೇಳುವುದಿಲ್ಲ. ಅದಕ್ಕೆ ಅವಳ ಕಡೆಯ ಕಾಗದಗಳೇ ಬೇಕು. ಕಲಿಕಾ ಕೇಂದ್ರದ ನಿಜವಾದ ಕೆಲಸದ ಒಪ್ಪಂದ, ಇಷ್ಟು ದಿನ ರಜೆ ಕೊಟ್ಟಿದ್ದೇವೆ ಅನ್ನುವ ಪತ್ರ, ಫೋನಿನ ವಿಎಸ್‌ಎಸ್‌ಐಡಿ ಆ್ಯಪ್‌ನಲ್ಲಿರುವ ಸಾಮಾಜಿಕ ವಿಮೆ ದಾಖಲೆ. ಸಣ್ಣ ಸಂಬಳವೇ ಇರಲಿ, ನಿಜದ್ದು ಅಲ್ವಾ? ನನ್ನ ಪಾಸ್‌ಪೋರ್ಟಿನ ವಿಯೆಟ್ನಾಂ ಮುದ್ರೆಗಳು, ಅಲ್ಲಿನ ಹೊಸ ವರ್ಷದ ಟೆಟ್ ಹಬ್ಬಕ್ಕೆ ಅವಳ ಮನೆಯವರ ಜೊತೆ ತೆಗೆದ ಫೋಟೋ, 30,000 ಯೂರೋ ಕವರ್ ಇರುವ ಪ್ರಯಾಣ ವಿಮೆ, ಎಲ್ಲ ಸೇರಿಸಿದೆವು. ಮೊದಲ ಅರ್ಜಿಯಲ್ಲಿ ಏನೇನು ಸುಳ್ಳಿತ್ತು ಅನ್ನುವುದನ್ನೂ ಒಂದು ಪುಟದಲ್ಲಿ ಬರೆದು ಅವಳು ಸಹಿ ಮಾಡಿದಳು.

ಅರ್ಜಿ ಹಾಕಿ ಹನ್ನೊಂದು ದಿನ ಆಯಿತು. ಸಾಮಾನ್ಯವಾಗಿ 15 ದಿನದಲ್ಲಿ ಹೇಳುತ್ತಾರೆ, 45 ದಿನದವರೆಗೂ ಎಳೆಯಬಹುದು. ಕಾಯುತ್ತಿದ್ದೇವೆ.

ನಿಮ್ಮವರು ಯಾರಾದರೂ ಈಗಾಗಲೇ ಇಂಥ ಏಜೆಂಟ್ ಕೈಗೆ ಪಾಸ್‌ಪೋರ್ಟ್ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ. ಅರ್ಜಿಯ ಪ್ರತಿ ಪುಟದ ಸ್ಕ್ಯಾನ್ ತರಿಸಿಕೊಂಡು ಇಬ್ಬರೂ ಕೂತು ಓದಿ. ಕೊಡುವುದಿಲ್ಲ ಅಂದರೆ ಮುಂಗಡದ ಆಸೆ ಬಿಟ್ಟು ಪಾಸ್‌ಪೋರ್ಟ್ ವಾಪಸ್ ತಗೊಳ್ಳಿ.