ಮೂರು ಕೊಯ್ಲು ಕಂಡ ಕಂಚಿನ ಬಟ್ಟಲು: ಪಾದಾಭ್ಯಂಗದ ಬಳಕೆದಾರರ ವಿಮರ್ಶೆ

ವಸ್ತು: ಪಾದಕ್ಕೆ ಎಣ್ಣೆ ತಿಕ್ಕುವ ಕಂಚಿನ ಬಟ್ಟಲು. ಬಾಯಿಯ ಅಗಲ 8 ಸೆಂ.ಮೀ., ತೂಕ 190 ಗ್ರಾಂ, ಹಿಡಿ ಇಲ್ಲ.
ಬಳಕೆ: ಮೂರು ಕೊಯ್ಲು, ಮೂರು ಮಳೆಗಾಲ. ವಿರಾಜಪೇಟೆ ಕಡೆಯ ಕಾಫಿ ತೋಟದ ಮನೆ.

ಕೊಡಗಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಯಾರಿಗೂ ಪುರುಸೊತ್ತಿಲ್ಲ. ಅರೇಬಿಕಾ ಕಾಫಿಯ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಕಾಫಿ ಹಣ್ಣಾಗಿರುತ್ತದೆ. ಅದಿನ್ನೂ ಕಣದಲ್ಲಿ ಒಣಗುತ್ತಿರುವಾಗಲೇ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಸರದಿ. ರಾತ್ರಿಯೂ ಎದ್ದು ಜೆಟ್ ಬದಲಿಸಬೇಕು. ಇಂಥ ಕಾಲದಲ್ಲಿ ಬೆಳಗ್ಗೆ ಒಂದು ಗಂಟೆ ಯೋಗ, ವಾರಕ್ಕೊಮ್ಮೆ ಮೈತುಂಬ ಎಣ್ಣೆಸ್ನಾನ ಅಂತ ಸಲಹೆ ಕೊಡುವವರು ತೋಟ ನೋಡಿದವರಲ್ಲ. ಹತ್ತು ನಿಮಿಷದಲ್ಲಿ ಮುಗಿಯುವ ಅಭ್ಯಾಸ ಮಾತ್ರ ಜನವರಿ ದಾಟುತ್ತದೆ. ಈ ಬಟ್ಟಲು ದಾಟಿದೆ.

ಮೊದಲು ಕೊಳ್ಳುವ ಮಾತು. ಕಂಚು ಎಂದರೆ ತಾಮ್ರ ಮತ್ತು ತವರ, ಸುಮಾರು 78ಕ್ಕೆ 22ರ ಹದದಲ್ಲಿ. ತಾಮ್ರಕ್ಕೆ ಸತು ಬೆರೆಸಿದರೆ ಅದು ಹಿತ್ತಾಳೆ. ಕಂಚೆಂದು ಹೇಳಿ ಅದನ್ನೇ ಮಾರುವುದುಂಟು. ಬಟ್ಟಲನ್ನು ಅಂಗೈ ಮೇಲೆ ಸಡಿಲವಾಗಿ ಇಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನ ನಾದ ಎಳೆದುಕೊಂಡು ಹೋಗುತ್ತದೆ, ಹಿತ್ತಾಳೆಯದ್ದು ಬೇಗ ಸಾಯುತ್ತದೆ. ‘ಕಂಚಿನ ಕಂಠ’ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಾಗಂತ ಹಿತ್ತಾಳೆಯದ್ದು ಕೊಂಡರೆ ಪಾದಕ್ಕೇನೂ ನಷ್ಟವಿಲ್ಲ, ನಷ್ಟ ಜೇಬಿಗೆ ಮಾತ್ರ. ಕಂಚು ಪೆಡಸು ಲೋಹ, ಸಿಮೆಂಟ್ ನೆಲಕ್ಕೆ ಬಿದ್ದರೆ ಸೀಳು ಬಿಡಬಹುದು, ಎಣ್ಣೆಗೈ ಬೇರೆ. ಮಡಿಲಲ್ಲಿ ಹಳೆಯ ಟವೆಲ್ ಹಾಸಿಕೊಂಡೇ ಕೂರಬೇಕು.

ಮರದ ಹಿಡಿ ಕೂಡಿಸಿದ್ದು ಬೇಡ. ಇದಕ್ಕೂ ಮೊದಲು ತಂದದ್ದು ಹಿಡಿಯದ್ದೇ. ಒಂದೇ ಮಳೆಗಾಲಕ್ಕೆ ಹಿಡಿ ಕಳಚಿತು. ಆಷಾಢದ ತೇವಕ್ಕೆ ಮರ ಉಬ್ಬುತ್ತದೆ, ಬಿಸಿಲು ಬಂದಾಗ ಕುಗ್ಗುತ್ತದೆ, ನಡುವೆ ಎಣ್ಣೆ ಇಳಿದು ಅಂಟು ಬಿಡುತ್ತದೆ. ಬರಿಯ ಬಟ್ಟಲಿಗೆ ಈ ರೋಗವಿಲ್ಲ.

ಎಣ್ಣೆಯ ವಿಷಯದಲ್ಲಿ ನಮ್ಮ ಹವೆಯೇ ತೀರ್ಪು ಕೊಟ್ಟುಬಿಡುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ರಾತ್ರಿ ಬಾಟಲಿಯಿಂದ ಅದನ್ನು ಕೆರೆದು ತೆಗೆಯಬೇಕು. ಹರಳೆಣ್ಣೆ ತೀರಾ ಅಂಟು, ಬಟ್ಟಲು ಜಾರುವುದೇ ಇಲ್ಲ. ತುಪ್ಪ ಸೊಗಸು, ಆದರೆ ಇರುವೆಗೂ ಸೊಗಸು. ಎಳ್ಳೆಣ್ಣೆ ಚಳಿಗೂ ಹರಿಯುತ್ತದೆ. ಒಂದು ಪಾದಕ್ಕೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ದಿನಕ್ಕೆ 10 ಮಿ.ಲೀ. ಎಂದರೆ ನಾಲ್ಕು ತಿಂಗಳಿಗೆ ಸುಮಾರು 1.2 ಲೀಟರ್. ಚರ್ಮ ಬಟ್ಟಲಿನ ಜೊತೆ ಎಳೆದುಬಂದರೆ ಎಣ್ಣೆ ಸಾಲದು, ಬಟ್ಟಲೇ ಕೈತಪ್ಪುತ್ತಿದ್ದರೆ ಹೆಚ್ಚಾಯಿತು.

ವಿಧಾನ ಹೀಗೆ. ಗಮ್‌ಬೂಟ್ ಕಳಚಿ ಬಿಸಿನೀರಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ ಒಣಗಿಸಿ. ಬಟ್ಟಲು ಚಳಿಗೆ ಕೊರೆಯುತ್ತಿರುತ್ತದೆ, ಎರಡು ನಿಮಿಷ ಬಿಸಿನೀರಲ್ಲಿಟ್ಟು ಒರೆಸಿಕೊಳ್ಳಿ. ಬಿಸಿ ಎಷ್ಟೆಂದು ಮಣಿಕಟ್ಟಿಗೆ ತಾಗಿಸಿ ನೋಡಬೇಕು, ಬೂಟಿನಲ್ಲಿ ದಿನವಿಡೀ ನಡೆದ ಪಾದವನ್ನು ನಂಬಬಾರದು. ತಗ್ಗಿನ ಮಣೆಯಲ್ಲಿ ಕೂತು ಒಂದು ಪಾದವನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಮೊದಲು ಬರಿಗೈಯಲ್ಲಿ ಕಣಕಾಲಿನವರೆಗೂ ಎಣ್ಣೆ ಸವರಿ. ಆಮೇಲೆ ಬಟ್ಟಲಿನ ಉಬ್ಬು ತಳದಿಂದ ಹಿಮ್ಮಡಿಗೆ ಸಣ್ಣ ಸುತ್ತು, ಒಂದು ನಿಮಿಷ. ಪಾದದ ಹೊರ ಅಂಚಿನಲ್ಲಿ ಮೇಲೆ ಕೆಳಗೆ, ಒಂದು ನಿಮಿಷ. ನಡುವಿನ ಕಮಾನಿನ ಮೇಲೆ ಹಗುರವಾಗಿ, ಹಿಮ್ಮಡಿಯಿಂದ ಬೆರಳಿನತ್ತ ಮಾತ್ರ. ಇಲ್ಲಿ ಒತ್ತಿದರೆ ಮರುದಿನ ನೋವು. ಕೊನೆಗೆ ಬೆರಳ ಬುಡದ ದಪ್ಪ ಭಾಗಕ್ಕೆ ಎಂಟರ ಆಕಾರದಲ್ಲಿ. ಒಂದು ಪಾದಕ್ಕೆ ಒಟ್ಟು ನಾಲ್ಕು ನಿಮಿಷ.

ಉಸಿರನ್ನೂ ಇದಕ್ಕೇ ಜೋಡಿಸಬಹುದು. ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಬಟ್ಟಲು ಬೆರಳಿನತ್ತ ಹೋಗುವಾಗ ಉಸಿರು ಹೊರಗೆ. ನಿಮಿಷಕ್ಕೆ ಆರು ಉಸಿರು, ಎರಡು ಪಾದ ಮುಗಿಯುವಷ್ಟರಲ್ಲಿ ಐವತ್ತರ ಹತ್ತಿರ. ಬರೇ ಕಣ್ಣುಮುಚ್ಚಿ ಉಸಿರು ಎಣಿಸಲು ಕೂತರೆ ಕಾಫಿ ಮಾರುವ ಮಂಡಿಯ ಲೆಕ್ಕ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ರಿಪೇರಿ, ನಾಳೆ ಕೆಲಸಕ್ಕೆ ಎಷ್ಟು ಆಳು ಬರುತ್ತಾರೆ, ಎಲ್ಲ ಒಟ್ಟಿಗೆ ನುಗ್ಗುತ್ತವೆ. ಕೈಗೆ ಕೆಲಸವಿದ್ದರೆ ಅಷ್ಟು ನುಗ್ಗುವುದಿಲ್ಲ. ಇನ್ನೊಂದು ಲಾಭ, ಬಹುಶಃ ಇದೇ ದೊಡ್ಡದು: ಎಣ್ಣೆಗೈಯಲ್ಲಿ ಮೊಬೈಲ್ ಮುಟ್ಟಲಾಗುವುದಿಲ್ಲ.

ಮುಗಿದ ಮೇಲೆ ಹಳೆಯ ಹತ್ತಿಬಟ್ಟೆಯಿಂದ ಗಟ್ಟಿಯಾಗಿ ಒರೆಸಿ ಕಾಲುಚೀಲ ಹಾಕಿ. ಒರೆಸದೆ ಎದ್ದರೆ ನಯದ ಕಾವಿ ನೆಲದಲ್ಲಿ ಜಾರುವುದು ಖಂಡಿತ. ಮಲಗುವುದಕ್ಕೆ ಒಂದು ಗಂಟೆ ಮೊದಲು, ಊಟವಾದ ಕೂಡಲೇ ಅಲ್ಲ. ಪಾದ ಬೆಚ್ಚಗಾದರೆ ಅಲ್ಲಿನ ರಕ್ತನಾಳ ಹಿಗ್ಗಿ ಮೈಯೊಳಗಿನ ಬಿಸಿ ಹೊರಗೆ ಹೋಗುತ್ತದೆ, ನಿದ್ದೆ ಬೇಗ ಹತ್ತುತ್ತದೆ. ತಲೆ, ಕಿವಿ, ಪಾದ ಈ ಮೂರಕ್ಕೆ ಎಣ್ಣೆ ತಪ್ಪಿಸಬೇಡಿ ಎಂದು ಆಯುರ್ವೇದ ಹೇಳುವುದು ಬಿಡುವಿಲ್ಲದವರಿಗೆ ಒಳ್ಳೆಯ ರಿಯಾಯಿತಿ.

ಈಗ ಆ ಕಪ್ಪು ಎಣ್ಣೆಯ ಮಾತು. ಕೆಲವು ನಿಮಿಷ ತಿಕ್ಕಿದರೆ ಪಾದದ ಎಣ್ಣೆ ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಗಾಗುತ್ತದೆ. ‘ದೇಹದ ವಿಷ ಹೊರಬಂತು’ ಎನ್ನುವುದು ಮಾರುವವರ ಪಲ್ಲವಿ. ಎಣ್ಣೆಯಲ್ಲಿರುವ ಕೊಬ್ಬಿನಾಮ್ಲ ಮತ್ತು ಪಾದದ ಬೆವರು ಲೋಹದೊಂದಿಗೆ ಸೇರಿ ಬರುವ ಬಣ್ಣ ಅದು. ಅನುಮಾನವಿದ್ದರೆ ಬಟ್ಟಲಿಗೆ ಎಣ್ಣೆ ಹಚ್ಚಿ ಹಳೆಯ ಬಟ್ಟೆಯಿಂದ ಜೋರಾಗಿ ಉಜ್ಜಿ. ಬಟ್ಟೆಯೂ ಕಪ್ಪಾಗುತ್ತದೆ, ಬಟ್ಟೆಗೆ ಯಾವ ವಿಷ? ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ತಿಂದವರಿಗೆ ಇದು ಬೇಗ ಅರ್ಥವಾಗಬೇಕು. ಆಮೇಲೆ ಮೂತ್ರಕ್ಕೆ ಬರುವ ಕೆಂಪು ಸೊಪ್ಪಿನ ಬಣ್ಣವೇ ಹೊರತು ಒಳಗಿನ ಕಲ್ಮಶವಲ್ಲ. ಎಂದಿಗಿಂತ ಬೇಗ ಕಪ್ಪಾದರೆ ಎಣ್ಣೆ ಮೂಸಿ ನೋಡಿ, ಮುಗ್ಗಿರಬಹುದು.

ಹಾಗಾದರೆ ಕಂಚೇ ಏಕೆ? ನಿಜ ಹೇಳಬೇಕೆಂದರೆ ಬರಿಗೈಯಲ್ಲೂ ಬಹುಪಾಲು ಗುಣ ಸಿಗುತ್ತದೆ. ಆದರೆ ದಿನವಿಡೀ ಕಾಫಿ ಕೊಯ್ದವರ ಹೆಬ್ಬೆರಳು ಮೊದಲೇ ಸೋತಿರುತ್ತದೆ, ಒಂದು ಪಾದ ಒತ್ತುವಷ್ಟರಲ್ಲಿ ಸಾಕಾಗುತ್ತದೆ. ಬಟ್ಟಲಿನ ಭಾರವೇ ಆ ಕೆಲಸ ಮಾಡುತ್ತದೆ. ಕೊಡುವ ಹಣ ಅದಕ್ಕೆ. ಪಾದಕ್ಕೆ ತಿಕ್ಕಿದರೆ ಕಣ್ಣು ಚುರುಕಾಗುತ್ತದೆ ಎಂಬ ಹೇಳಿಕೆಗೆ ಮೂರು ವರ್ಷದಲ್ಲಿ ಸಾಕ್ಷಿ ಕಂಡಿಲ್ಲ. ಬೆಳಗ್ಗೆ ಎದ್ದ ಕೂಡಲೇ ಚುಚ್ಚುವ ಹಿಮ್ಮಡಿ ನೋವಿಗೆ ಆ ರಾತ್ರಿಯ ಸಮಾಧಾನ ಮಾತ್ರ. ಅದಕ್ಕೆ ಮೀನಖಂಡ ಎಳೆಯುವ ವ್ಯಾಯಾಮವೇ ಬೇಕು. ಒಡೆದ ಹಿಮ್ಮಡಿ ಮೆತ್ತಗಾದದ್ದರಲ್ಲಿ ಕಾಲುಚೀಲದ ಪಾಲೂ ಇದೆ.

ಯಾರು ಮುಟ್ಟಬಾರದು: ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು. ಬೂಟಿನ ಬೆವರಿಗೆ ಬೆರಳ ಸಂದಿಯಲ್ಲಿ ಬಿಳಿ ಸಿಪ್ಪೆ ಏಳುತ್ತಿದ್ದರೆ ಅದು ಶಿಲೀಂಧ್ರ; ಗುಣವಾಗುವ ತನಕ ಅಲ್ಲಿಗೆ ಎಣ್ಣೆ ಬೇಡ, ಒಂದೇ ಬಟ್ಟಲನ್ನು ಮನೆಯವರೆಲ್ಲ ಹಂಚಿಕೊಳ್ಳುವುದೂ ಬೇಡ. ಮಳೆಗಾಲದಲ್ಲಿ ಜಿಗಣೆ ಕಚ್ಚಿದ ಜಾಗವನ್ನು ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಜಿಗಣೆ ಬಿಟ್ಟು ಹೋಗಿರುತ್ತದೆ, ತಿಕ್ಕಿದರೆ ಮತ್ತೆ ಒಸರುತ್ತದೆ.

ಶುಚಿ ಮಾಡಲು ಪ್ರತಿದಿನ ಒಣ ಕಡಲೆಹಿಟ್ಟು ಸಾಕು. ವಾರಕ್ಕೊಮ್ಮೆ ನೆನೆಸಿದ ಹುಣಸೆಗೆ ಚಿಟಿಕೆ ಉಪ್ಪು ಹಾಕಿ ಒಂದು ನಿಮಿಷ ಉಜ್ಜಿ, ತೊಳೆದು, ತಕ್ಷಣ ಒರೆಸಿ. ಕೊಡಗಿನ ಅಡುಗೆಯ ಕಾಚಂಪುಳಿಯೂ ಹುಳಿಯೇ, ಬಟ್ಟಲು ಹೊಳೆಯುತ್ತದೆ. ಆದರೆ ಹಂದಿಮಾಂಸದ ಪಂದಿಕರಿಗೆ ಹೋಗಬೇಕಾದದ್ದನ್ನು ಪಾತ್ರೆಗೆ ಸುರಿಯುವ ಧೈರ್ಯ ಯಾರಿಗಿದೆ. ಹುಳಿಯಲ್ಲಿ ರಾತ್ರಿಯಿಡೀ ನೆನೆಯಲು ಬಿಡಬೇಡಿ, ಬೆಳಗ್ಗೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಒರೆಸುವ ಬಟ್ಟೆ ಜೂನ್‌ನಿಂದ ಆಗಸ್ಟ್‌ವರೆಗೆ ಒಣಗುವುದೇ ಇಲ್ಲ, ಕಮಟು ಹಿಡಿಯುತ್ತದೆ. ವಾಷಿಂಗ್ ಸೋಡಾ ಹಾಕಿ ಕುದಿಸಿ ಒಲೆಯ ಮೇಲ್ಗಡೆ ಹರವಬೇಕು. ಮಳೆಗಾಲಕ್ಕೆ ಬಟ್ಟಲನ್ನು ಎತ್ತಿಡುವುದಾದರೆ ಎಣ್ಣೆಯ ಅಂಶ ಪೂರ್ತಿ ತೆಗೆದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ನವೆಂಬರ್‌ನಲ್ಲಿ ತೆಗೆದಾಗ ಮಂಕಾಗಿದ್ದರೆ ಹಾಗೇ ಬಳಸಬಹುದು, ಹಸಿರು ಕಂಡರೆ ಮಾತ್ರ ಹುಣಸೆ.