ರೈಜನ್ 9 7950ಎಕ್ಸ್: ಕೋರು ಹದಿನಾರು, ಕಿರಿಕಿರಿ ನಾಲ್ಕು ಸ್ಟಿಕ್ಕಿನದು

ಕೋರು, ಕ್ಲಾಕು, ಕ್ಯಾಶ್ ಲೆಕ್ಕವೆಲ್ಲ ಎಲ್ಲರೂ ನೋಡಿರುತ್ತೀರಿ, ಬಿಡಿ. ಮುಂಬೈಯ ಫ್ಲಾಟಿನಲ್ಲಿ ಮಳೆಗಾಲವನ್ನೂ ಅಕ್ಟೋಬರ್ ಸೆಕೆಯನ್ನೂ ದಾಟಿ, ಸಿನಿಮಾ ಗ್ರಾಫಿಕ್ಸಿನ ತಂತ್ರಾಂಶಗಳಾದ ಹೌಡಿನಿ ಮತ್ತು ನ್ಯೂಕ್‌ಗೆ ದಿನವಿಡೀ ದುಡಿದ, ಎಎಮ್‌ಡಿಯ ಈ ಪ್ರೊಸೆಸರ್ ಇರುವ ಮಷಿನ್ ಬಗ್ಗೆ ಈ ಮಾತು.

ಮೊದಲು ಖುಷಿಯ ವಿಷಯ: ಇಕೋ ಮೋಡ್, ಅಂದರೆ ವಿದ್ಯುತ್ ಎಳೆತಕ್ಕೆ ಹಾಕುವ ಮಿತಿ. ಹಾಗೇ ಬಿಟ್ಟರೆ ಈ ಚಿಪ್ 230 ವ್ಯಾಟ್‌ವರೆಗೂ ಎಳೆಯುತ್ತದೆ, 95 ಡಿಗ್ರಿ ಮುಟ್ಟುವ ತನಕ ಓಡುತ್ತದೆ. ಅದು ಕೆಟ್ಟಿದೆಯೆಂದಲ್ಲ, ಮಾಡಿರುವುದೇ ಹಾಗೆ. ಮದರ್‌ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ 105 ವ್ಯಾಟ್‌ನ ಇಕೋ ಆರಿಸಿದರೆ (105 ಹೆಸರಿಗಷ್ಟೇ) ನಿಜವಾದ ಎಳೆತ 142 ವ್ಯಾಟ್‌ಗೆ ನಿಲ್ಲುತ್ತದೆ. ಸಿಪಿಯು ರೆಂಡರ್ ನಿಧಾನವಾಗುವುದು ಶೇ. 10ರೊಳಗೆ. ಅಷ್ಟಕ್ಕೆ ಫ್ಯಾನಿನ ಬೊಬ್ಬೆ ಇಳಿಯುತ್ತದೆ, ಎಸಿಯನ್ನು 22ಕ್ಕೆ ಇಡುವ ಗೋಳೂ ತಪ್ಪುತ್ತದೆ. ಮಲಗುವ ಕೋಣೆಯೇ ಸ್ಟುಡಿಯೋ ಆಗಿರುವ ನಮ್ಮಂಥವರಿಗೆ ಇದು ಸಣ್ಣ ಲಾಭವಲ್ಲ. ಇನ್ನೊಂದು ಅಭ್ಯಾಸ: ಹೌಡಿನಿಯ ಸೆಟ್ಟಿಂಗ್ ಬರೆಯುವ ಎನ್ವ್ ಫೈಲಿನಲ್ಲಿ ಮ್ಯಾಕ್ಸ್‌ಥ್ರೆಡ್ಸ್ 28 ಎಂದು ಬರೆದಿಡುವುದು. ಕೋರಿಗೆ ಎರಡರಂತೆ ಇರುವ 32 ಥ್ರೆಡ್‌ನಲ್ಲಿ (ಏಕಕಾಲಕ್ಕೆ ಓಡುವ ಕೆಲಸದ ಸಾಲುಗಳಲ್ಲಿ) ನಾಲ್ಕು ಉಳಿದರೆ, ಹಿಂದೆ ಪೈರೋ ಸಿಮ್ (ಬೆಂಕಿ, ಹೊಗೆಯ ಸಿಮ್ಯುಲೇಶನ್) ಓಡುತ್ತಿರುವಾಗಲೇ ಮುಂದೆ ರೋಟೋ (ಫ್ರೇಮಿನಿಂದ ಆಕೃತಿ ಬಿಡಿಸಿ ತೆಗೆಯುವ) ಕೆಲಸ ತಡೆಯಿಲ್ಲದೆ ಸಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಐದಕ್ಕೆ ಐದು ಸ್ಟಾರ್ ಕೊಡಬಹುದಿತ್ತು.

ತಕರಾರು ರ್‍ಯಾಮ್‌ನದು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಕಂಡ ತಕ್ಷಣ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಯಾರಾದರೂ 4×48, ಅಂದರೆ 192 ಜಿಬಿ ಕೊಟೇಶನ್ ಬರೆದು ಕೈಗಿಡುತ್ತಾರೆ. ಎರಡು ಸ್ಟಿಕ್ ಹಾಕಿದರೆ ಅಧಿಕೃತ ವೇಗ ಸೆಕೆಂಡಿಗೆ 5200 ಮಿಲಿಯನ್ ವರ್ಗಾವಣೆ; ನಾಲ್ಕು ಹಾಕಿದರೆ 3600. ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 83 ಜಿಬಿಯಿಂದ 58ರ ಹತ್ತಿರಕ್ಕೆ ಬೀಳುತ್ತದೆ. ಈ ಮಾತು ಸ್ಪೆಕ್ ಶೀಟಿನಲ್ಲಿದೆ, ಕೊಟೇಶನ್ನಿನಲ್ಲಿ ಮಾತ್ರ ಇರುವುದಿಲ್ಲ. ಫ್ಲಿಪ್ (ನೀರಿನ), ಪೈರೋ ಸಿಮ್‌ಗಳು ಮೆಮೊರಿಯಿಂದ ಡೇಟಾ ಬರುವುದನ್ನೇ ಕಾಯುವ ಕೆಲಸ. ವೋಕ್ಸೆಲ್ (ಸಿಮ್‌ನ ಜಾಗವನ್ನು ಹೋಳು ಮಾಡುವ ಪುಟ್ಟ ಘನ) ಅಳತೆ ಅರ್ಧ ಮಾಡಿದರೆ ಮೆಮೊರಿ ಸುಮಾರು ಎಂಟು ಪಟ್ಟು ಬೇಕು. ಜಾಗ ಬೇಕೆಂದು ನಾಲ್ಕು ಹಾಕಿದವರಿಗೇ ವೇಗ ಕಡಿಮೆ!

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪು, ಬೋರ್ಡಿನ ಡಿರ್‍ಯಾಮ್ ದೀಪ ಮಾತ್ರ ಉರಿಯುತ್ತಿರುತ್ತದೆ. ಅದು ಮೆಮೊರಿ ಟ್ರೇನಿಂಗ್, ಬೋರ್ಡು ಮೆಮೊರಿ ಜೊತೆ ಹೊಂದಿಕೊಳ್ಳುವ ಕೆಲಸ. ಇಷ್ಟು ರ್‍ಯಾಮ್‌ಗೆ ಹತ್ತು ಹದಿನೈದು ನಿಮಿಷ ಹಿಡಿದರೂ ಗಾಬರಿ ಬೇಡ. ಸತ್ತಿದೆಯೆಂದು ಪವರ್ ಒತ್ತಿದರೆ ಮತ್ತೆ ಮೊದಲಿಂದ. ಸಿಮಾಸ್ ರೀಸೆಟ್ ಆಗಿ ಬೋರ್ಡಿನ ಸೆಟ್ಟಿಂಗ್ ಅಳಿದರೂ ಇದೇ ಕಥೆ. ದಿನಾ ಬೆಳಿಗ್ಗೆ ಕಾಯುವುದು ಬೇಡವೆಂದರೆ ಹಿಂದಿನ ಟ್ರೇನಿಂಗನ್ನೇ ನೆನಪಿಟ್ಟುಕೊಳ್ಳುವ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆನ್ ಮಾಡಬೇಕು. ಆಮೇಲೆ ಮಷಿನ್ ಕೈಕೊಟ್ಟರೆ ಮೊದಲು ಅದನ್ನೇ ಆಫ್ ಮಾಡಿ ನೋಡಬೇಕು. ಆಫ್ ಇದ್ದಾಗ ಬಟನ್ ಒತ್ತಿ ಚಹಾಕ್ಕೆ ನೀರಿಟ್ಟರೆ ಕುದಿ ಬರುವ ಹೊತ್ತಿಗೆ ಲಾಗಿನ್ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು, ನಾಲ್ಕು ಸ್ಟಿಕ್ ಮೇಲೆ ವೇಗವನ್ನು ಅಧಿಕೃತ ಮಿತಿಗಿಂತ ಏರಿಸುವ 6000ದ ಎಕ್ಸ್‌ಪೋ ಪ್ರೊಫೈಲ್ ಹಾಕುವುದು. ಬೂಟ್ ಆಗದಿದ್ದರೆ ಪುಣ್ಯ. ಬೂಟ್ ಆದರೆ ರಾತ್ರಿ ಬಿಟ್ಟ ಸಿಮ್ ಬೆಳಿಗ್ಗೆ ಅರ್ಧಕ್ಕೇ ನಿಂತಿರುತ್ತದೆ, ಬೈಗುಳ ಹೌಡಿನಿಗೆ. ಪರೀಕ್ಷೆ ಸುಲಭ: ಪ್ರತಿ ಸಲ ಅದೇ ಫ್ರೇಮಿನಲ್ಲಿ ಬಿದ್ದರೆ ಸೀನ್ ನೋಡಿ, ಒಮ್ಮೆ 90, ಒಮ್ಮೆ 212 ಎಂದು ಬೇರೆ ಬೇರೆ ಫ್ರೇಮಿನಲ್ಲಿ ಬಿದ್ದರೆ ರ್‍ಯಾಮ್ ನೋಡಿ. 3600ಕ್ಕೆ ಇಳಿಸಿ, ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ, ಒಂದೂ ಎರರ್ ಇಲ್ಲದಿದ್ದರೆ ಮಾತ್ರ ಒಂದೊಂದೇ ಮೆಟ್ಟಿಲು ಮೇಲೆ ಹೋಗಿ. ಆಮೇಲೆ ಬಂದ 9950ಎಕ್ಸ್‌ನಲ್ಲಿ ಎರಡು ಸ್ಟಿಕ್ಕಿಗೆ 5600 ಬಂದಿದೆ, ನಾಲ್ಕಕ್ಕೆ ಅದೇ 3600.

ಆದ್ದರಿಂದ ಕಾಂಪ್ (ದೃಶ್ಯದ ಪದರ ಜೋಡಿಸುವುದು), ಲೈಟಿಂಗ್, ಲುಕ್‌ಡೆವ್ (ವಸ್ತುಗಳ ಮೇಲ್ಮೈ ರೂಪಿಸುವುದು) ಮಾಡುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ, 2×48 ಹಾಕಿ. ದೊಡ್ಡ ನೀರು, ಹೊಗೆಯ ಸಿಮ್ಮೇ ಹೊಟ್ಟೆಪಾಡಾದವರಿಗೆ ಎಎಮ್‌ಡಿಯದೇ ದೊಡ್ಡ ಪ್ರೊಸೆಸರ್ ಥ್ರೆಡ್‌ರಿಪ್ಪರ್ 7960ಎಕ್ಸ್ ಸರಿ: 24 ಕೋರ್, ನಾಲ್ಕು ಚಾನೆಲ್, ಸೆಕೆಂಡಿಗೆ 166 ಜಿಬಿ. ಆದರೆ ಅದಕ್ಕೆ ಸರ್ವರ್‌ಗಳಲ್ಲಿ ಬಳಸುವ ಬಗೆಯ ಆರ್‌ಡಿಮ್ ರ್‍ಯಾಮೇ ಬೇಕು, ಈಗಿರುವ ಸ್ಟಿಕ್ ಕೂರುವುದಿಲ್ಲ. 350 ವ್ಯಾಟ್, ಬೋರ್ಡಿನ ಬೆಲೆಯೂ ದುಬಾರಿ. ಜೇಬು ಅಷ್ಟು ಗಟ್ಟಿಯಿಲ್ಲದ ನನ್ನ ತೀರ್ಪು 7950ಎಕ್ಸ್‌ಗೆ ಮೂರೂವರೆ ಸ್ಟಾರ್.

ಬಿಲ್ಲಿನಲ್ಲಿ ‘96 ಜಿಬಿ’ ಎಂದಷ್ಟೇ ಬರೆಯಲು ಬಿಡಬೇಡಿ, ‘48ರ ಎರಡು ಸ್ಟಿಕ್, ಒಂದೇ ಕಿಟ್’ ಎಂದು ಬರೆಸಿ. ಕೂರಿಸುವುದು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ.